ಎರಡು ಕ್ಷಮಾಪಣೆಗಳ ನಡುವೆ 26 ವರ್ಷ

1992ರ ಜನವರಿ 29ರಂದು ಆಮ್‌ಸ್ಟರ್‌ಡ್ಯಾಮಿನ ಪ್ರೊಫೆಸರ್ ಆಂಡ್ರ್ಯೂ ಟನೆನ್‌ಬಾಮ್ ಯೂಸ್‌ನೆಟ್ ಎಂಬ ಅಂದಿನ ಗಣಕಜಾಲದ ಚರ್ಚಾಗುಂಪೊಂದರಲ್ಲಿ ಒಂದು ಟಿಪ್ಪಣಿ ಹಾಕಿದರು. ಲಿನಕ್ಸಿನ ಕಾಲ ಆಗಲೇ ಮುಗಿದಿದೆ ಎಂಬುದು ಅದರ ತಲೆಬರಹದ ಸಾರ. ಟನೆನ್‌ಬಾಮ್ ಓಪರೇಟಿಂಗ್ ಸಿಸ್ಟಂಗಳ ಬಗ್ಗೆ ಪಠ್ಯಪುಸ್ತಕ ಬರೆದವರು, ಪಾಠಕ್ಕೆಂದೇ ಮಿನಿಕ್ಸ್ ಎಂಬ ಪುಟ್ಟ ವ್ಯವಸ್ಥೆಯನ್ನು ಕಟ್ಟಿದವರು. ಲಿನಕ್ಸ್ ಬರೆಯುತ್ತಿದ್ದ ಹೆಲ್ಸಿಂಕಿಯ ಹುಡುಗ ಲಿನಸ್ ಟೋರ್ವಾಲ್ಡ್ಸ್‌ಗೆ ಆಗ 22 ವರ್ಷ. ಹಿಂದಿನ ಆಗಸ್ಟಿನಲ್ಲಷ್ಟೇ ಇದೇ ಗುಂಪಿನಲ್ಲಿ, ಹವ್ಯಾಸಕ್ಕೆ ಏನೋ ಮಾಡುತ್ತಿದ್ದೇನೆ ಎಂದು ಸಂಕೋಚದಿಂದ ಹೇಳಿಕೊಂಡಿದ್ದ. ಈಗ ಸಂಕೋಚ ಬಿಟ್ಟು ಉತ್ತರ ಬರೆದ. ಮಿನಿಕ್ಸಿನ ಕೊರತೆಗಳನ್ನು ಎತ್ತಿ ಆಡಿದ, ಪ್ರೊಫೆಸರರ ವೃತ್ತಿಯನ್ನೂ ಚುಚ್ಚಿದ. ನೀನು ನನ್ನ ವಿದ್ಯಾರ್ಥಿಯಾಗಿರದಿದ್ದುದು ನಿನ್ನ ಪುಣ್ಯ, ಇಂಥ ವಿನ್ಯಾಸಕ್ಕೆ ನನ್ನಿಂದ ಒಳ್ಳೆಯ ಅಂಕ ಸಿಗುತ್ತಿರಲಿಲ್ಲ ಎಂದು ಅವರೂ ತಿರುಗಿಸಿ ಕೊಟ್ಟರು.

ಗಣಕವಿಜ್ಞಾನದ ವಿದ್ಯಾರ್ಥಿಗಳು ಈ ಜಗಳವನ್ನು ಇಂದಿಗೂ ಓದುತ್ತಾರೆ, ಅದರ ತಾಂತ್ರಿಕ ವಾದಕ್ಕಾಗಿ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಅದರ ಬೆನ್ನಿಗೇ ಟೋರ್ವಾಲ್ಡ್ಸ್ ಹಾಕಿದ ಇನ್ನೊಂದು ಸಂದೇಶ. ಅದು ಕ್ಷಮಾಪಣೆ. ಸಭ್ಯತೆಯ ಪರಿವೆ ಇಲ್ಲದೆ ಬರೆದುಬಿಟ್ಟೆ, ಅತಿಯಾಯಿತು ಎಂದು ಅದರಲ್ಲಿ ಒಪ್ಪಿಕೊಂಡಿದ್ದಾನೆ. ಗುಂಪಿನ ಓದುಗರೊಬ್ಬರು ಖಾಸಗಿಯಾಗಿ ಸ್ನೇಹದಿಂದ ಬರೆದು, ಹೀಗಲ್ಲ ನಡೆದುಕೊಳ್ಳುವುದು ಎಂದು ಹೇಳಿದ್ದರಂತೆ. ಅವರಿಗೊಂದು ಕೃತಜ್ಞತೆಯೂ ಇದೆ.

ಆಗ ಅಷ್ಟು ಸಾಕಾಗಿತ್ತು. ಗುಂಪು ಚಿಕ್ಕದು, ಬಹುಪಾಲು ವಿಶ್ವವಿದ್ಯಾಲಯದ ಮಂದಿ. ಹಳ್ಳಿಯಲ್ಲಿ ಎಲ್ಲೆ ಮೀರಿದವನನ್ನು ಹಿರಿಯರು ಜಗಲಿಗೆ ಕರೆದು ಎರಡು ಮಾತು ಹೇಳಿ ಕಳಿಸುತ್ತಾರಲ್ಲ, ಹಾಗೆ. ಬರೆದಿಟ್ಟ ಕಟ್ಟಳೆ ಬೇಕಿರಲಿಲ್ಲ. ಮುಂದೆ 1995ರ ಅಕ್ಟೋಬರಿನಲ್ಲಿ ಇಂಟೆಲ್‌ನ ಸ್ಯಾಲಿ ಹ್ಯಾಂಬ್ರಿಜ್ ಇಂಟರ್‌ನೆಟ್ಟಿನ ಶಿಷ್ಟಾಚಾರವನ್ನು ಒಂದು ಕಡತದಲ್ಲಿ ಬರೆದಿಟ್ಟರು. ಅದೂ ಹೊಸಬರಿಗೆ ಕೊಟ್ಟ ಸಲಹೆಯೇ. ಮೀರಿದರೆ ಏನು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಆದರೆ ಲಿನಕ್ಸ್ ಹಳ್ಳಿಯಾಗಿ ಉಳಿಯಲಿಲ್ಲ. ನಿಮ್ಮ ಜೇಬಿನಲ್ಲಿರುವುದು ಆಂಡ್ರಾಯ್ಡ್ ಫೋನಾದರೆ ಅದರ ತಳದಲ್ಲಿರುವುದು ಲಿನಕ್ಸ್ ಕರ್ನೆಲ್. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಲಿನಕ್ಸ್ ಬಿಟ್ಟರೆ ಬೇರೊಂದಿಲ್ಲ. ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ, ಒಂದೊಂದರಲ್ಲೂ ಸಾವಿರಕ್ಕೂ ಹೆಚ್ಚು ಜನರ ಕೈ ಇರುತ್ತದೆ. ಅವರಲ್ಲಿ ಹೆಚ್ಚಿನವರು ಇಂಟೆಲ್, ರೆಡ್ ಹ್ಯಾಟ್, ಗೂಗಲ್‌ನಂಥ ಕಂಪನಿಗಳ ಸಂಬಳದವರು.

ಇಷ್ಟು ಜನ ಸೇರುವ ಕಚೇರಿ ಯಾವುದು? ಇಮೇಲ್. ಬದಲಾವಣೆ ಬೇಕೆಂದವರು ಅದನ್ನೊಂದು ಪ್ಯಾಚ್ ಮಾಡಿ (ನಮ್ಮ ತೇಪೆಯೇ ಸರಿಯಾದ ಪದ, ಆದರೆ ಯಾರೂ ಬಳಸುವುದಿಲ್ಲ) ಆಯಾ ಭಾಗದ ಮೇಂಟೇನರಿಗೆ ಕಳಿಸಬೇಕು. ಮೇಂಟೇನರ್ ಎಂದರೆ ಆ ಭಾಗದ ಯಜಮಾನಿಕೆ ಹೊತ್ತವರು. ಅವರು ತಿದ್ದುತ್ತಾರೆ, ತಿರಸ್ಕರಿಸುತ್ತಾರೆ, ಇಲ್ಲವೇ ಮೇಲಕ್ಕೆ ದಾಟಿಸುತ್ತಾರೆ. ತುತ್ತತುದಿಯಲ್ಲಿ ಟೋರ್ವಾಲ್ಡ್ಸ್. ಇದೆಲ್ಲ ನಡೆಯುವುದು ಲೋಕಕ್ಕೆಲ್ಲ ಕಾಣುವ ಪಟ್ಟಿಯಲ್ಲಿ, ಅದೂ ಅಳಿಯದ ಹಾಗೆ. ಬೈಸಿಕೊಂಡವರು ಬೈಸಿಕೊಂಡದ್ದನ್ನು ಮುಂದೆ ಕೆಲಸ ಕೊಡುವವರೂ ಹುಡುಕಿ ಓದಬಹುದು. ದೂರು ಕೊಡಲು ಎಚ್‌ಆರ್ ಇಲ್ಲ.

ಆ ಬೈಗುಳವೇನೂ ಸಣ್ಣದಲ್ಲ. 2012ರಲ್ಲಿ ಯಾವುದೋ ಪ್ರೋಗ್ರಾಂ ಒಂದೊಂದೇ ಬೈಟನ್ನು ಓದುತ್ತಿರುವುದನ್ನು ಕಂಡ ಟೋರ್ವಾಲ್ಡ್ಸ್, ಇದನ್ನು ಯೋಚಿಸಿದವನು ಹುಟ್ಟಲೇಬಾರದಿತ್ತು ಎಂಬರ್ಥದ ಮಾತು ಬರೆದರು. ಅದೇ ಡಿಸೆಂಬರ್ 23ರಂದು ಅನುಭವಿ ಮೇಂಟೇನರೊಬ್ಬರಿಗೆ ಬಾಯಿ ಮುಚ್ಚು ಎಂದರು. ಕರ್ನೆಲ್ ಬದಲಾಯಿತೆಂದು ಬಳಕೆದಾರರ ಪ್ರೋಗ್ರಾಂ ಕೆಡಬಾರದು ಎಂಬುದು ಆ ಪತ್ರದ ತತ್ವ. ತತ್ವ ನೂರಕ್ಕೆ ನೂರು ಸರಿ. ಲಿನಕ್ಸ್ ಇಷ್ಟು ಬೆಳೆದದ್ದಕ್ಕೆ ಅದೂ ಒಂದು ಕಾರಣ. ಪತ್ರ ಮಾತ್ರ ಅಬ್ಬರ. ಅದನ್ನು ಮೆಚ್ಚಿ ಹಂಚಿಕೊಂಡವರೂ ಕಡಿಮೆಯಿಲ್ಲ.

2013ರ ಜುಲೈನಲ್ಲಿ ಒಬ್ಬರು ಇದನ್ನು ಅಲ್ಲೇ ಎದುರಿಸಿದರು. ಇಂಟೆಲ್‌ನಲ್ಲಿದ್ದ ಸೇಜ್ ಶಾರ್ಪ್ ಯುಎಸ್‌ಬಿ 3.0 ಡ್ರೈವರಿನ ಮೇಂಟೇನರ್. ಇನ್ನೊಬ್ಬ ಮೇಂಟೇನರಿಗೆ ಟೋರ್ವಾಲ್ಡ್ಸ್, ನೀನು ಜನರ ಮೇಲೆ ಇನ್ನಷ್ಟು ರೇಗಬೇಕು ಎಂದು ಹೇಳಿಕೊಡುತ್ತಿದ್ದಾಗ ಶಾರ್ಪ್ ನಡುವೆ ಬಂದು, ಈ ನಿಂದನೆ ಸಾಕು, ವೃತ್ತಿಪರವಾಗಿ ಮಾತಾಡಿ ಎಂದು ಬರೆದರು. ಟೋರ್ವಾಲ್ಡ್ಸ್ ಉತ್ತರ ಪ್ರಸಿದ್ಧವಾಯಿತು. ನಾನು ಮನೆಯಲ್ಲಿ ಸ್ನಾನದ ನಿಲುವಂಗಿ ತೊಟ್ಟು ಕೆಲಸ ಮಾಡುವವನು, ವೃತ್ತಿಪರನಾಗಲು ಟೈ ಕಟ್ಟಿಕೊಳ್ಳುವುದಿಲ್ಲ. ಹಾಗೆಯೇ ಕಚೇರಿಗಳ ಸುಳ್ಳು ನಯ, ಒಳಸಂಚು, ಬೆನ್ನಿಗೆ ಇರಿಯುವುದು, ಇವೂ ನನಗೆ ಬೇಡ. ಇದು ಅದರ ಭಾವ.

ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಕಚೇರಿಯ ನಯ ಎಷ್ಟು ವಿಷ ಮುಚ್ಚಿಡುತ್ತದೆ ಎನ್ನುವುದು ಪುಣೆ, ಹೈದರಾಬಾದಿನ ಐಟಿ ಪಾರ್ಕುಗಳಲ್ಲಿ ದುಡಿಯುವ ನಿಮಗೆ ನಾನು ಹೇಳಬೇಕಿಲ್ಲ. ಮುಖ ನೋಡದೆ ಕೋಡ್ ನೋಡಿ ಅಳೆಯುತ್ತೇವೆ ಎಂಬ ಮಾತಿನಲ್ಲಿ ಒಂದು ನ್ಯಾಯವೂ ಇದೆ. ಜಾತಿ, ಊರು, ಡಿಗ್ರಿ ಕೇಳದ ಜಾಗ ಎಷ್ಟಿವೆ? ಆದರೆ ಕೋಡನ್ನಷ್ಟೇ ಅಳೆಯುತ್ತೇವೆ ಎನ್ನುವವರು ಅದನ್ನು ಬರೆದವನ ಹುಟ್ಟಿನ ಮಾತೆತ್ತಿದರೆ ಅಳತೆ ಯಾವುದರದ್ದು? ಪ್ಯಾಚ್ ಕೆಟ್ಟದು ಎನ್ನಲು ಒಂದು ಸಾಲು ಸಾಕು. ಉಳಿದದ್ದನ್ನು ಸಹಿಸಿಕೊಳ್ಳುವುದು ಅಲ್ಲಿನ ಬರೆಯದ ಅರ್ಹತಾ ಪರೀಕ್ಷೆಯಾಗಿತ್ತು. ಯುರೋಪಿಯನ್ ಕಮಿಷನ್ ಹಣದಲ್ಲಿ ನಡೆದ 2006ರ ಅಧ್ಯಯನವೊಂದು ಮುಕ್ತ ತಂತ್ರಾಂಶ ಕಟ್ಟುವವರಲ್ಲಿ ಹೆಂಗಸರು ಸುಮಾರು ಶೇ. 1.5 ಎಂದಿತು. ಕಂಪನಿಗಳ ಸ್ವಂತ ತಂತ್ರಾಂಶದ ಕಡೆ ಅದು ಶೇ. 28. ಟೈ ಕಟ್ಟಿದ ಕಡೆಯೇ ಬಾಗಿಲು ಅಗಲವಾಗಿತ್ತು. ಬೈಗುಳವೊಂದೇ ಇದಕ್ಕೆ ಕಾರಣ ಎನ್ನಲಾರೆ. ಬಾಗಿಲಲ್ಲಿ ಯಾರನ್ನೂ ತಡೆಯುವುದಿಲ್ಲ ಎಂದುಕೊಂಡ ಜಾಗದಲ್ಲಿ ಈ ಅಂತರಕ್ಕೊಂದು ಉತ್ತರವಂತೂ ಬೇಕಿತ್ತು.

ಬೇರೆಯವರು ಆಗಲೇ ಬರೆದಿಟ್ಟುಕೊಂಡಿದ್ದರು. 2004ರಲ್ಲಿ ಶುರುವಾದ ಉಬುಂಟು ಮೊದಲಿನಿಂದಲೂ ನೀತಿ ಸಂಹಿತೆ ಇಟ್ಟುಕೊಂಡೇ ಬಂತು. ಸದಸ್ಯರಾಗುವವರು ಅದಕ್ಕೆ ಡಿಜಿಟಲ್ ಸಹಿ ಹಾಕಬೇಕು. ಡೆಬಿಯನ್ 2014ರಲ್ಲಿ ಸದಸ್ಯರ ಮತಕ್ಕೆ ಹಾಕಿ ತನ್ನದನ್ನು ಒಪ್ಪಿಕೊಂಡಿತು. ಅದೇ ವರ್ಷ ಕೊರಲೈನ್ ಅಡಾ ಎಮ್ಕೆ, ಯಾವ ಯೋಜನೆ ಬೇಕಾದರೂ ಎತ್ತಿ ಬಳಸಿಕೊಳ್ಳಬಹುದಾದ ಕಾಂಟ್ರಿಬ್ಯೂಟರ್ ಕವೆನೆಂಟ್ ಎಂಬ ಕರಡು ಪ್ರಕಟಿಸಿದರು. ಯಾವ್ಯಾವ ನಡವಳಿಕೆ ಸಲ್ಲದು ಎಂದು ಅದು ಹೆಸರಿಟ್ಟು ಹೇಳುತ್ತದೆ.

ಕರ್ನೆಲ್ ತಂಡ 2015ರ ಮಾರ್ಚ್‌ನಲ್ಲಿ ಬೇರೆಯದೇ ಒಂದನ್ನು ಬರೆದುಕೊಂಡಿತು. ಹೆಸರಿನಲ್ಲೇ ತಮಾಷೆ: ಕೋಡ್ ಆಫ್ ಕಾಂಡಕ್ಟ್ ಅಲ್ಲ, ಕೋಡ್ ಆಫ್ ಕಾನ್‌ಫ್ಲಿಕ್ಟ್. ಕಲಹ ಸಂಹಿತೆ ಎನ್ನೋಣ. ನಿಮ್ಮ ಕೋಡನ್ನು ಕಟುವಾಗಿ ವಿಮರ್ಶಿಸುತ್ತೇವೆ, ಅದು ನಮ್ಮ ಪದ್ಧತಿ. ಯಾರಿಗಾದರೂ ವೈಯಕ್ತಿಕವಾಗಿ ನಿಂದನೆ, ಬೆದರಿಕೆ ಎನಿಸಿದರೆ ಲಿನಕ್ಸ್ ಫೌಂಡೇಶನ್ನಿನ ತಾಂತ್ರಿಕ ಸಲಹಾ ಮಂಡಳಿಗೆ ತಿಳಿಸಿ ಎನ್ನುವುದು ಅದರ ತಾತ್ಪರ್ಯ. ಸಲ್ಲದ್ದು ಯಾವುದು ಎಂದು ಅದರಲ್ಲಿಲ್ಲ. ಮೇಂಟೇನರಿಗೆ ಯಾವ ಹೊಣೆಯೂ ಇಲ್ಲ. ಎಲ್ಲ ಭಾರವೂ ಅನಿಸಿಕೊಂಡವರ ಮೇಲೆಯೇ: ನೋವಾಗಿದೆ ಎಂದು ಅವರೇ ಹೇಳಬೇಕು, ಅವರೇ ಸಾಬೀತು ಮಾಡಬೇಕು. ಆ ವರ್ಷದ ಅಕ್ಟೋಬರಿನಲ್ಲಿ ಶಾರ್ಪ್, ತಾವು ಕರ್ನೆಲ್ ಕೆಲಸ ಬಿಟ್ಟದ್ದು ಏಕೆಂದು ಬರೆದರು. ತಾಂತ್ರಿಕವಾಗಿ ತಮ್ಮನ್ನು ಗೌರವಿಸುತ್ತಾರೆ, ಮನುಷ್ಯರೆಂಬ ಗೌರವ ಇಲ್ಲ ಎಂಬುದು ಅವರ ಅಳಲು.

ಮುಂದಿನ ಕಥೆ 2018ರ ಸೆಪ್ಟೆಂಬರ್ 16ರದ್ದು. ಮೇಂಟೇನರುಗಳ ವಾರ್ಷಿಕ ಸಭೆ ಇದ್ದ ದಿನಗಳಿಗೇ ಕುಟುಂಬದ ಪ್ರವಾಸ ಇಟ್ಟುಕೊಂಡಿದ್ದ ಟೋರ್ವಾಲ್ಡ್ಸ್, ತಾನು ಸಭೆಗೆ ಬರುವುದಿಲ್ಲ ಎಂದರು. ಅವರಿಲ್ಲದೆ ಸಭೆ ಏಕೆಂದು ಜನ ಅದನ್ನೇ ವ್ಯಾಂಕೂವರಿನಿಂದ ಎಡಿನ್‌ಬರೋಗೆ ಎತ್ತಿಕೊಂಡು ಹೋದರು. ಆ ಗಡಿಬಿಡಿಯ ನಡುವೆ, 4.19ನೇ ಆವೃತ್ತಿಯ ನಾಲ್ಕನೇ ಕರಡನ್ನು ಬಿಡುಗಡೆ ಮಾಡುವ ಮಾಮೂಲಿ ಪತ್ರದಲ್ಲೇ ಅವರು ಕ್ಷಮೆ ಕೇಳಿದರು. ನನ್ನ ನಡವಳಿಕೆಯಿಂದ ನೊಂದವರಲ್ಲಿ, ಬಹುಶಃ ಕೆಲಸವನ್ನೇ ಬಿಟ್ಟು ಹೋದವರಲ್ಲಿ ಕ್ಷಮೆ ಕೋರುತ್ತೇನೆ. ಇನ್ನೊಬ್ಬರ ಭಾವನೆ ಅರ್ಥಮಾಡಿಕೊಳ್ಳಲು ನೆರವು ಪಡೆಯುತ್ತೇನೆ. ಕೆಲಕಾಲ ರಜೆ ಹೋಗುತ್ತೇನೆ. ಬೈಗುಳದ ಪದಗಳಿರುವ ಇಮೇಲ್ ಹೊರಹೋಗದಂತೆ ಜರಡಿಯೊಂದನ್ನು ಹಾಕಿಕೊಳ್ಳಬೇಕೇನೋ ಎಂಬ ಮಾತೂ ಇತ್ತು. ಮೂರು ದಿನದ ಬಳಿಕ ನ್ಯೂಯಾರ್ಕರ್ ಪತ್ರಿಕೆ ಅವರ ಬೈಗುಳಗಳ ಬಗ್ಗೆ ದೊಡ್ಡ ವರದಿ ಹಾಕಿತು. ಪ್ರಶ್ನೆಗಳು ಮೊದಲೇ ಅವರಿಗೆ ತಲುಪಿದ್ದವು. ಆದ್ದರಿಂದ ಪಶ್ಚಾತ್ತಾಪ ಎಷ್ಟು, ಪತ್ರಿಕೆಯ ಭಯ ಎಷ್ಟು ಎಂದು ಜನ ಲೆಕ್ಕ ಹಾಕಿದರು. ನನಗೆ ಆ ಲೆಕ್ಕದಲ್ಲಿ ಆಸಕ್ತಿಯಿಲ್ಲ. 1992ರಲ್ಲೂ ಹೊರಗಿನಿಂದ ಯಾರೋ ಹೇಳಿದ ಮೇಲೆಯೇ ಅವರು ಕ್ಷಮೆ ಕೇಳಿದ್ದು.

ಕ್ಷಮೆಗಿಂತ ದೊಡ್ಡ ಸಂಗತಿ ಅದೇ ದಿನ ಕರ್ನೆಲ್ಲಿಗೆ ಸೇರಿದ ಕಡತ. ಕಲಹ ಸಂಹಿತೆ ಹೋಗಿ ಎಮ್ಕೆಯವರ ಕರಡನ್ನು ಆಧರಿಸಿದ ನೀತಿ ಸಂಹಿತೆ ಬಂತು. ಅದರಲ್ಲಿ ಎರಡು ಹೊಸತಿದ್ದವು. ನಡವಳಿಕೆಯ ಮಟ್ಟ ಕಾಯುವುದು ಮೇಂಟೇನರುಗಳ ಹೊಣೆ. ಅವರೇ ಅದನ್ನು ಪಾಲಿಸದಿದ್ದರೆ, ಪಾಲಿಸುವಂತೆ ಮಾಡದಿದ್ದರೆ, ಕ್ರಮ ಅವರ ಮೇಲೂ ಬರಬಹುದು. 27 ವರ್ಷದಲ್ಲಿ ಮೊದಲ ಬಾರಿಗೆ ಕಟ್ಟಳೆ ಮೇಲಿನವರ ಕಡೆಗೂ ಮುಖ ಮಾಡಿತು.

ಇಂಥ ಸಂಹಿತೆಗಳು ‘ನಾವು’ ಎಂಬ ಸರ್ವನಾಮದಲ್ಲಿ ಮಾತಾಡುತ್ತವೆ: ನಾವು ವಚನ ಕೊಡುತ್ತೇವೆ, ಇತ್ಯಾದಿ. ಅನುವಾದದ ಕಸುಬಿನವಳಾಗಿ ನನ್ನ ಕಣ್ಣು ಅಲ್ಲೇ ನಿಲ್ಲುತ್ತದೆ. ಕೇಳುವವರನ್ನೂ ಒಳಗೊಂಡ ನಾವು ಬೇರೆ, ಅವರನ್ನು ಬಿಟ್ಟ ನಾವು ಬೇರೆ ಎಂಬ ಭೇದ ಇಂಗ್ಲಿಷಿನಲ್ಲಿಲ್ಲ, ಇಂದಿನ ಕನ್ನಡದಲ್ಲೂ ಇಲ್ಲ. ಚೆನ್ನೈನಲ್ಲಿರುವ ಓದುಗರಿಗೆ ನಾಮ್, ನಾಂಗಳ್ ಗೊತ್ತು. ಹೈದರಾಬಾದಿನವರಿಗೆ ಮನಂ, ಮೇಮು ಗೊತ್ತು. ತಮಿಳಿಗೋ ತೆಲುಗಿಗೋ ಇದನ್ನು ತರುವವರು ಮೊದಲ ಸಾಲಿನಲ್ಲೇ ಒಂದನ್ನು ಆರಿಸಬೇಕು. ಕರ್ನೆಲ್ ಜಗಳದ ತಿರುಳೂ ಇದೇ. ‘ನಾವು ಹೀಗೆಯೇ ಮಾತಾಡುವುದು’ ಎಂದು 2013ರಲ್ಲಿ ಹೇಳಿದ ನಾವು, ಮೇಮು. ಅದರಲ್ಲಿ ಶಾರ್ಪ್ ಇರಲಿಲ್ಲ.

ವಿರೋಧ ಜೋರಾಗಿಯೇ ಬಂತು. ಗುಣಕ್ಕೆ ಬೆಲೆ ಹೋಗಿ ರಾಜಕೀಯ ನುಗ್ಗುತ್ತದೆ ಎಂದರು. ಬರೆದ ಕೋಡನ್ನೇ ವಾಪಸು ತೆಗೆದುಕೊಳ್ಳುವ ಬೆದರಿಕೆಯೂ ತೇಲಿಬಂತು; ಏನೂ ಆಗಲಿಲ್ಲ. ಕರ್ನೆಲ್ಲಿನ ಟಿಪ್ಪಣಿಗಳಲ್ಲಿದ್ದ ಅಶ್ಲೀಲ ಪದವೊಂದನ್ನೆಲ್ಲ ತೆಗೆದು ಅಲ್ಲಿ ‘ಅಪ್ಪುಗೆ’ ಎಂಬರ್ಥದ ಇಂಗ್ಲಿಷ್ ಪದ ಹಾಕುವ ಪ್ಯಾಚನ್ನು ಒಬ್ಬರು ಕಳಿಸಿ ನಗೆಗೆ ಕಾರಣರಾದರು. ಅದೇ ಅಕ್ಟೋಬರಿನಲ್ಲಿ ಇನ್ನೊಂದು ಮೋಜು. ಪ್ರತಿ ಫೋನಿನೊಳಗೂ ಇರುವ ಎಸ್‌ಕ್ಯೂಲೈಟ್ ದತ್ತಾಂಶ ವ್ಯವಸ್ಥೆಯ ರಿಚರ್ಡ್ ಹಿಪ್, ಗಿರಾಕಿಗಳು ಸಂಹಿತೆ ಕೇಳುತ್ತಾರೆಂದು ಸಂತ ಬೆನೆಡಿಕ್ಟರು ಸನ್ಯಾಸಿಗಳಿಗೆ ಬರೆದ ಕಟ್ಟಳೆಯನ್ನೇ ಇಟ್ಟಿದ್ದರು. ಗದ್ದಲವಾದ ಮೇಲೆ ಅದರ ಹೆಸರು ಬದಲಾಯಿತು.

ಸಂಹಿತೆಯನ್ನು ಹೇಗೆ ಓದಬೇಕೆಂಬ ವಿವರಣೆಯೂ ಆ ಅಕ್ಟೋಬರಿನಲ್ಲಿ ಕರ್ನೆಲ್ಲಿಗೆ ಸೇರಿತು. ಅದು ನಿಷ್ಪಕ್ಷಪಾತ ಮಧ್ಯಸ್ಥರೆಂದು ಹೆಸರಿಸಿದ್ದು ಮಿಶಿ ಚೌಧರಿಯವರನ್ನು. ದೆಹಲಿಯ ಎಸ್‌ಎಫ್‌ಎಲ್‌ಸಿ ಡಾಟ್ ಇನ್ ಸಂಸ್ಥೆ ಕಟ್ಟಿದ ವಕೀಲೆ ಅವರು. ಜಗಲಿಯ ಹಿರಿಯರ ಜಾಗಕ್ಕೆ ಗೊತ್ತುಪಡಿಸಿದ ಒಬ್ಬರು ಬಂದರು. ಅಕ್ಟೋಬರ್ 22ರಂದು 4.19 ಬಿಡುಗಡೆಯಾಗಿ ಟೋರ್ವಾಲ್ಡ್ಸ್ ಮರಳಿದರು.

ಬರೆದಿಟ್ಟರೆ ಮುಗಿಯಿತೇ? ರಸ್ಟ್ ಭಾಷೆಯ ಬಳಗ ನೀತಿ ಸಂಹಿತೆಗೆ ಹೆಸರಾದದ್ದು. ಅಲ್ಲಿ 2021ರ ನವೆಂಬರಿನಲ್ಲಿ ಸಂಹಿತೆ ಪಾಲನೆ ನೋಡಿಕೊಳ್ಳುವ ತಂಡವೇ ಒಟ್ಟಾಗಿ ರಾಜೀನಾಮೆ ಕೊಟ್ಟಿತು. ಮೇಲಿನ ಕೋರ್ ತಂಡ ತನಗೆ ತಾನೇ ಹೊರತು ಬೇರಾರಿಗೂ ಉತ್ತರ ಹೇಳುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ಎಲ್ಲರಿಗೂ ಅನ್ವಯಿಸಿ ನಾಲ್ಕು ಜನರಿಗೆ ಅನ್ವಯಿಸದ ಕಟ್ಟಳೆಯನ್ನು ಕಾಯಲು ಅವರು ಒಪ್ಪಲಿಲ್ಲ.

ಕರ್ನೆಲ್ಲಿನಲ್ಲಿ ಸಂಹಿತೆ ಎಲ್ಲರಿಗೂ ಕಾಣುವಂತೆ ಪ್ರಯೋಗವಾದದ್ದು 2024ರಲ್ಲಿ. ಬಿಕ್ಯಾಶ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯನ್ನು ಬಹುಪಾಲು ಒಬ್ಬರೇ ಕಟ್ಟಿದವರು ಸೆಪ್ಟೆಂಬರಿನಲ್ಲಿ ಇನ್ನೊಬ್ಬ ಮೇಂಟೇನರಿಗೆ ಪಟ್ಟಿಯಲ್ಲೇ ಕೊಳಕು ಮಾತು ಬರೆದರು. ಅವರ ತಾಂತ್ರಿಕ ಪ್ರತಿಭೆ ಅಲ್ಲಿ ಪ್ರಶ್ನೆಯಾಗಿರಲಿಲ್ಲ. ಸಂಹಿತೆಯ ಸಮಿತಿ, ಬೈದದ್ದು ಎಲ್ಲರೆದುರು, ಕ್ಷಮೆಯನ್ನೂ ಎಲ್ಲರೆದುರೇ ಕೇಳಿ ಎಂದಿತು. ಅವರು ಕೇಳಲಿಲ್ಲ. ನವೆಂಬರಿನಲ್ಲಿ ಸಮಿತಿಯ ಶಿಫಾರಸನ್ನು ತಾಂತ್ರಿಕ ಸಲಹಾ ಮಂಡಳಿ ಒಪ್ಪಿ, 6.13ನೇ ಆವೃತ್ತಿ ಸಿದ್ಧವಾಗುವ ಅವಧಿಯಲ್ಲಿ ಅವರ ಪ್ಯಾಚುಗಳನ್ನು ಸ್ವೀಕರಿಸುವುದಿಲ್ಲ ಎಂದು ಕಾರಣ ಸಹಿತ ಪ್ರಕಟಿಸಿತು. ಆ ಆವೃತ್ತಿಯನ್ನು 2025ರ ಜನವರಿ 19ರಂದು ಟೋರ್ವಾಲ್ಡ್ಸ್ ಬಿಡುಗಡೆ ಮಾಡಿದರು.