ಘಟಪ್ರಭೆಯಿಂದ ಕಾರ್ಖಾನೆ ಪಡೆದದ್ದೇನು?

ಘೋಡಗೇರಿ ಘಟಪ್ರಭಾ ಕಣಿವೆಯ ಊರು. ಈ ಸೀಮೆಯ ಕೈಗಾರಿಕೆಯ ಚರಿತ್ರೆಯನ್ನು ತಿಳಿಯಬೇಕಾದರೆ ನೀವು ಮೊದಲು ನದಿಯನ್ನು ಗಮನಿಸಬೇಕು. ಪಶ್ಚಿಮಘಟ್ಟದಲ್ಲಿ ಹುಟ್ಟುವ ಘಟಪ್ರಭೆ ಗೋಕಾಕದ ಬಳಿ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತದೆ.

1885ರಲ್ಲಿ ಸ್ಥಾಪನೆಯಾದ ಗೋಕಾಕ ಫಾಲ್ಸಿನ ನೂಲಿನ ಗಿರಣಿ ಈ ಧುಮುಕುವ ನೀರಿನ ಬಲವನ್ನೇ ನಂಬಿತ್ತು. ಅದೇ ಕಾಲದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಗಿರಣಿಗಳು ಕಲ್ಲಿದ್ದಲಿನ ಹೊಗೆ ಕಾರುತ್ತಿದ್ದವು. ಇಲ್ಲಿ ಚಕ್ರ ತಿರುಗಿಸಿದ ನೀರು ಮತ್ತೆ ನದಿಗೇ ಸೇರುತ್ತಿತ್ತು. ಹಾಗೆಂದು ಅದು ಪುಕ್ಕಟೆಯಲ್ಲ. ಕೊಳವೆಗೆ ಹೋದಷ್ಟು ನೀರು ಜಲಪಾತಕ್ಕೆ ಕಡಿಮೆಯಾಗುತ್ತದೆ.

ಮುಂದೆ ನದಿಗೆ ಒಡ್ಡುಗಳು ಬಂದವು. ಧೂಪದಾಳದ ಒಡ್ಡು 1897ರಲ್ಲಿ ಪೂರ್ಣಗೊಂಡಿತು, 51 ಟಿ.ಎಂ.ಸಿ. ನೀರು ಹಿಡಿಯುವ ಹಿಡಕಲ್ ಜಲಾಶಯ 1977ರಲ್ಲಿ. ಕಾಲುವೆಯ ನೀರಿನಿಂದ ಕಬ್ಬು ಬೆಳೆಯಿತು. ಕಬ್ಬಿನ ಬೆನ್ನಿಗೇ ಸಕ್ಕರೆ ಕಾರ್ಖಾನೆಗಳು ಬಂದವು. ರೈತನ ಕೈಗೆ ಹಣ ಬಂತು, ಸಾವಿರಾರು ಜನರಿಗೆ ಕೆಲಸ ಸಿಕ್ಕಿತು. ಇದನ್ನು ಮರೆಯಬಾರದು.

ಆದರೆ ಸಕ್ಕರೆ ತೆಗೆದ ಮೇಲೆ ಕಾಕಂಬಿ ಉಳಿಯುತ್ತದೆ. ಅದರಿಂದ ಮದ್ಯಸಾರ ಇಳಿಸಿದರೆ ಕಡುಗಂದು ಬಣ್ಣದ ತ್ಯಾಜ್ಯ ನೀರು ಉಳಿಯುತ್ತದೆ. ಇದು ವಿಷವೇ ಆಗಬೇಕಿಲ್ಲ. ಅದರಲ್ಲಿರುವುದು ಸಾವಯವ ಪದಾರ್ಥ. ನೀರಿನ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತವೆ, ತಿನ್ನುವಾಗ ಆಮ್ಲಜನಕವನ್ನು ಬಳಸುತ್ತವೆ. ನಮ್ಮ ಹವೆಯಲ್ಲಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಸಂಸ್ಕರಿಸದ ಇಂಥ ತ್ಯಾಜ್ಯದ ಒಂದು ಲೀಟರಿಗೆ ಬೇಕಾಗುವುದು 40,000 ಮಿಲಿಗ್ರಾಂಗೂ ಹೆಚ್ಚು! ಅದು ನೇರವಾಗಿ ನದಿಗೆ ಸೇರಿದರೆ ಮೀನು ಉಸಿರುಕಟ್ಟಿ ಸಾಯುತ್ತದೆ. ಬೇಸಿಗೆಯಲ್ಲಿ ಹರಿವು ಸೊರಗಿದಾಗ ಅಪಾಯ ಮತ್ತಷ್ಟು ಹೆಚ್ಚು.

ಈ ಕಾರಣಕ್ಕಾಗಿಯೇ 1974ರಲ್ಲಿ ಜಲಮಾಲಿನ್ಯ ನಿಯಂತ್ರಣ ಕಾಯಿದೆ ಬಂತು. ಅದೇ ವರ್ಷ ಕರ್ನಾಟಕದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಸ್ಥಾಪನೆಯಾಯಿತು. 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿಯ ಸಾಮಾನ್ಯ ಮಾನದಂಡದಂತೆ, ನದಿಗೆ ಬಿಡುವ ತ್ಯಾಜ್ಯದ ಈ ಆಮ್ಲಜನಕದ ಬೇಡಿಕೆ ಲೀಟರಿಗೆ 30 ಮಿಲಿಗ್ರಾಂ ಮೀರಕೂಡದು. 40,000ದಿಂದ 30ಕ್ಕೆ ಇಳಿಸುವುದಕ್ಕೆ ಯಂತ್ರ ಬೇಕು, ಹಣ ಬೇಕು, ಹಗಲಿರುಳು ನಿಗಾ ಬೇಕು. ಸಕ್ಕರೆಯ ನಿಜವಾದ ಬೆಲೆಯಲ್ಲಿ ಈ ಖರ್ಚೂ ಸೇರಬೇಕು. ಕಾರ್ಖಾನೆ ಅದನ್ನು ಭರಿಸದಿದ್ದರೆ ಕೆಳದಂಡೆಯ ಹಳ್ಳಿ ಭರಿಸುತ್ತದೆ: ಕುಡಿಯುವ ನೀರಿನಲ್ಲಿ, ಮೀನಿನಲ್ಲಿ, ದನಕರುಗಳ ಆರೋಗ್ಯದಲ್ಲಿ.

ಹಳೆಯ ಗಿರಣಿ ನದಿಯಿಂದ ಬಲವನ್ನು ಪಡೆಯಿತು. ಅನಂತರದ ಕೈಗಾರಿಕೆಗೆ ನದಿಯ ಉಸಿರೂ ಬೇಕಾಯಿತು. ಇನ್ನು ಮುಂದೆ ಯಾವುದೇ ಕಾರ್ಖಾನೆಯ ಚರಿತ್ರೆಯನ್ನು ಓದುವಾಗ, ಅದು ಏನನ್ನು ತಯಾರಿಸಿತು ಎಂಬುದರ ಜೊತೆಗೆ ನೀರನ್ನು ಯಾವ ಸ್ಥಿತಿಯಲ್ಲಿ ಹಿಂದಿರುಗಿಸಿತು ಎಂಬುದನ್ನೂ ಕೇಳಿರಿ.