ಉಸಿರಿನ ದಾರಿ ತೋರಿಸುವ ಕಣಗಳು

ಅಣು ಎಂದೊಡನೆ ನಮಗೆ 1945ರ ಹಿರೋಶಿಮಾ ನೆನಪಾಗುತ್ತದೆ. ಆದ್ದರಿಂದಲೇ ಹೊಸೂರು ರಸ್ತೆಯಲ್ಲಿ ರಫಿ ಅಹ್ಮದ್ ಕಿದ್ವಾಯಿಯವರ ಹೆಸರು ಹೊತ್ತು 1973ರಲ್ಲಿ ಆರಂಭವಾದಂಥ ಆಸ್ಪತ್ರೆಗಳಲ್ಲಿ ವಿಕಿರಣದ ಫಲಕ ಕಂಡರೆ ಮನಸ್ಸಿನಲ್ಲೇ ದುವಾ ಓದಿಕೊಳ್ಳುತ್ತೇವೆ.

ಶ್ವಾಸಕೋಶದ ಸ್ಕ್ಯಾನಿಂಗ್‌ಗಾಗಿ ರಕ್ತನಾಳಕ್ಕೆ ಚುಚ್ಚುವ ವಿಕಿರಣಶೀಲ ಕಣಗಳಿಗೂ ಒಂದು ಚರಿತ್ರೆಯಿದೆ. 1964ರ ಸುಮಾರಿಗೆ ಅಮೆರಿಕದ ಟ್ಯಾಪ್ಲಿನ್, ವ್ಯಾಗ್ನರ್ ಮೊದಲಾದ ವೈದ್ಯರು ಮನುಷ್ಯರ ರಕ್ತದ ಆಲ್ಬುಮಿನ್ ಕಣಗಳಿಗೆ ಅಯೋಡಿನ್-131 ಸೇರಿಸಿ ಬಳಸಿದರು. ಅದರ ಅರ್ಧಾಯುಷ್ಯ 8 ದಿನ. ಆಮೇಲೆ ಬಂದ ಟೆಕ್ನೀಷಿಯಂ-99ಎಂನದು ಕೇವಲ 6 ಗಂಟೆ.

ಕಣಗಳು ನಾಳಗಳಿಗೆ ಅಡ್ಡ ನಿಲ್ಲುವುದಿಲ್ಲವೇ? ನಿಲ್ಲುತ್ತವೆ, ಅದರಿಂದಲೇ ಚಿತ್ರ ಮೂಡುತ್ತದೆ. ಆದರೆ ಅವು ಮುಚ್ಚುವುದು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಸೂಕ್ಷ್ಮನಾಳಗಳನ್ನು. ಕೆಲವೇ ಗಂಟೆಗಳಲ್ಲಿ ಒಡೆದು ಕರಗುತ್ತವೆ.

ಹಾಗೆಂದು ಎಲ್ಲರಿಗೂ ಒಂದೇ ಅಳತೆಯಲ್ಲ. ಶ್ವಾಸಕೋಶದ ರಕ್ತದೊತ್ತಡ ತೀವ್ರವಾಗಿದ್ದ ಕೆಲವರು ಈ ಚುಚ್ಚುಮದ್ದಿನ ನಂತರ ಸತ್ತದ್ದೂ ದಾಖಲಾಗಿದೆ. ಅಂಥವರಿಗೆ, ಮಕ್ಕಳಿಗೆ, ಹೃದಯದ ರಂಧ್ರದಿಂದ ರಕ್ತ ಬಲದಿಂದ ಎಡಕ್ಕೆ ಹರಿಯುವವರಿಗೆ ಕಣಗಳ ಸಂಖ್ಯೆ ತಗ್ಗಿಸುತ್ತಾರೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮೊದಲೇ ತಿಳಿಸಬೇಕು.

ಯಾರೋ ಅಪರಿಚಿತರ ರಕ್ತದ ಅಂಶ ನಮ್ಮ ಉಸಿರಿನ ದಾರಿ ತೋರಿಸುತ್ತದೆ. ಅವರ ಜಾತಿಯನ್ನು ನಮ್ಮ ಶ್ವಾಸಕೋಶ ಕೇಳುವುದಿಲ್ಲ. ನಾವು ಕೇಳಬೇಕಾದದ್ದು ವೈದ್ಯರನ್ನು: ನಮ್ಮ ರೋಗಿಗೆ ಎಷ್ಟು ಕಣ, ಏಕೆ ಎಂದು.