ಕೀಮಾ ಕೆಂಪಗಿದ್ದರೆ ಸುರಕ್ಷಿತವೇ?

ಭೀಮಸಮುದ್ರದ ಅಡಿಕೆ ವ್ಯಾಪಾರಿಗಳಿಗೆ ಬಣ್ಣದ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಬೇಯಿಸಿದ ಅಡಿಕೆಗೆ ಚೊಗರು ಹಾಕಿ ಕೆಂಪು ತರಿಸುತ್ತಾರೆ, ಆ ಕೆಂಪು ನೋಡಿ ದರ ಹೇಳುತ್ತಾರೆ. ಮಾಂಸದಂಗಡಿಯಲ್ಲೂ ನಾವು ಇದೇ ಲೆಕ್ಕ ಹಾಕುತ್ತೇವೆ: ಕೆಂಪಗಿದ್ದರೆ ತಾಜಾ, ಕಂದಾಗಿದ್ದರೆ ಹಳೇದು. ಬೀಫ್ ಕೀಮಾದ ವಿಷಯದಲ್ಲಿ ಈ ಲೆಕ್ಕ ಕೈಕೊಡುತ್ತದೆ.

ಮಾಂಸಕ್ಕೆ ಬಣ್ಣ ಬರುವುದು ಮುಖ್ಯವಾಗಿ ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಎಂಬ ಪ್ರೋಟೀನಿನಿಂದ. ಗಾಳಿ ತಾಗದಿದ್ದಾಗ ಅದು ನೇರಳೆ. ಆಮ್ಲಜನಕ ಸಿಕ್ಕರೆ ಹೊಳೆಯುವ ಕೆಂಪು. ಹೊತ್ತು ಕಳೆದಂತೆ ಕಂದು. ಹಾಗಾಗಿ ಕೀಮಾ ಮುದ್ದೆ ಮೇಲೆ ಕೆಂಪಗಿದ್ದು, ಬಿಡಿಸಿದಾಗ ಒಳಗೆ ಬೂದುಗಂದು ಕಂಡರೆ ಹಳೇ ಮಾಲು ಬೆರೆಸಿದ್ದಾನೆ ಅಂತ ಅಂಗಡಿಯವನ ಜೊತೆ ಜಗಳಕ್ಕೆ ಬೀಳಬೇಡಿ. ಒಳಗೆ ಗಾಳಿ ಸಾಲದೆ ಹಾಗಾಗಿರುತ್ತೆ. ಹುಳಿ ವಾಸನೆ, ಅಂಟು ಲೋಳೆ ಇದ್ದರೆ ಮಾತ್ರ ಯೋಚಿಸದೆ ಎಸೆಯಿರಿ.

ನಮ್ಮ ರಾಜ್ಯದಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತು, ಹೋರಿ, ಎಮ್ಮೆ, ಕೋಣಗಳ ವಧೆಗೆ ಅವಕಾಶವಿತ್ತು. 2021ರ ಜನವರಿಯಿಂದ ಜಾರಿಯಾದ ಹೊಸ ಕಾನೂನು 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನಷ್ಟೇ ಬಿಟ್ಟಿತು. ತಪ್ಪಿದರೆ 3ರಿಂದ 7 ವರ್ಷ ಜೈಲು. ಎಮ್ಮೆ ಮಾಂಸ ಮೊದಲೇ ದನದ ಮಾಂಸಕ್ಕಿಂತ ಕಪ್ಪು, ಪ್ರಾಣಿಗೆ ವಯಸ್ಸಾದಷ್ಟೂ ಮಯೋಗ್ಲೋಬಿನ್ ಹೆಚ್ಚು. ಅಂದರೆ ಕಾನೂನುಬದ್ಧ ಮಾಂಸವೇ ನೋಡಲು ಕಪ್ಪು, ತಿನ್ನಲು ನಾರುನಾರು. ಅದು ಕೀಮಾ ಮೆಷಿನ್ನಿಗೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ.

ಅಪಾಯ ಹೆಚ್ಚುವುದು ಆ ಮೆಷಿನ್ನಿನಲ್ಲೇ. ಇಡೀ ತುಂಡಿನಲ್ಲಿ ಬ್ಯಾಕ್ಟೀರಿಯಾ ಬಹುಪಾಲು ಮೇಲ್ಮೈಯಲ್ಲಿರುತ್ತದೆ, ಬಾಣಲೆಯ ಬಿಸಿಗೆ ಸಾಯುತ್ತದೆ. ಅರೆದಾಗ ಅದು ಒಳಗೆಲ್ಲಾ ಹರಡುತ್ತದೆ. 1993ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರ್ ತಿಂದು 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನಾಲ್ಕು ಮಕ್ಕಳು ಸತ್ತರು. ಕಾರಣ ಇ. ಕೋಲೈ ಓ157. ಕೀಮಾದ ನಡುಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಕೆಲವೊಮ್ಮೆ ಅದಕ್ಕೂ ಮುಂಚೆಯೇ ಮಾಂಸ ಕಂದಾಗಿ ಬೆಂದಂತೆ ಕಾಣುತ್ತದೆ. ಎಂಜಿನಿಯರಿಂಗ್ ಓದಿದ ದೋಷವೋ ಏನೋ, ಇಲ್ಲಿ ನಾನು ಕಣ್ಣಿಗಿಂತ ಥರ್ಮಾಮೀಟರನ್ನೇ ನಂಬುತ್ತೇನೆ. ಗಂಟೆಗಟ್ಟಲೆ ಕುದಿಯುವ ನಮ್ಮ ಕೀಮಾ ಸಾರಿಗೆ ಈ ಭಯ ಕಡಿಮೆ. ದಪ್ಪ ಕಬಾಬ್, ಬರ್ಗರ್‌ಗೆ ಜಾಸ್ತಿ.

ಗಲ್ಫ್‌ನಲ್ಲಿರುವ ನಮ್ಮವರಿಗೆ ಪರಿಚಯವಿರುವ ಡಬ್ಬಿ ಬೀಫ್ ಬೆಂದರೂ ಗುಲಾಬಿಯಾಗೇ ಇರುತ್ತೆ. ಅದು ನೈಟ್ರೈಟ್ ಕೆಲಸ. ಮೇಲೆ ಹೆಪ್ಪುಗಟ್ಟಿದ ಬಿಳಿ ಪದರ ಕೊಬ್ಬು, ಬೂಷ್ಟಲ್ಲ. ಉಬ್ಬಿದ, ಸೋರುವ, ಅಂಚಿನಲ್ಲಿ ನಜ್ಜಾದ ಡಬ್ಬಿ ಮಾತ್ರ ಬೇಡ, ರುಚಿ ನೋಡುವುದಕ್ಕೂ ಬೇಡ. ನಮ್ಮ ಹಳೇ ಕಾಯ್ದೆ ಬಂದ ಅದೇ 1964ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಟೈಫಾಯ್ಡ್ ಹರಡಿತು. ಅರ್ಜೆಂಟೀನಾದ ಕಾರ್ಖಾನೆಯಲ್ಲಿ ಬಿಸಿ ಡಬ್ಬಿಗಳನ್ನು ಶುದ್ಧೀಕರಿಸದ ನದಿ ನೀರಿನಲ್ಲಿ ತಣಿಸಿದ್ದರು ಅಂತ ಆಮೇಲೆ ತನಿಖೆ ಹೇಳಿತು. ತಿಂದವರಿಗೆ ಬಣ್ಣ, ವಾಸನೆ ಏನೂ ಸುಳಿವು ಕೊಡಲಿಲ್ಲ.

ಸುಳಿವು ಸಿಗುವುದು ಕಾಗದದಲ್ಲಿ, ತಪಾಸಣೆಯಲ್ಲಿ. ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ವಧೆಗೆ ಮುಂಚೆ ಮತ್ತು ನಂತರ ಪಶುವೈದ್ಯರು ಪರೀಕ್ಷಿಸಬೇಕು. ಆದರೆ ವ್ಯಾಪಾರವೇ ಕದ್ದುಮುಚ್ಚಿ ನಡೆದರೆ ಬಿಲ್ ಯಾರು ಕೊಡ್ತಾರೆ, ಎಲ್ಲಿಂದ ಬಂತು ಅಂತ ಯಾರು ಕೇಳ್ತಾರೆ? ಹೊಸ ಕಾನೂನಿನ ಚರ್ಚೆಯಲ್ಲಿ ಧರ್ಮ ಬಂತು, ರೈತನ ಮುದಿ ಎತ್ತು ಬಂತು. ತಿನ್ನುವವನ ಆರೋಗ್ಯ ಅಷ್ಟಾಗಿ ಬರಲಿಲ್ಲ. ಪರೀಕ್ಷೆಯ ಮುದ್ರೆ ಇಲ್ಲದ ಕಡೆ ಅವನಿಗೆ ಉಳಿಯುವುದು ಬಣ್ಣ ನೋಡುವುದೊಂದೇ.

ಸದ್ಯಕ್ಕೆ ಪರವಾನಗಿ ಇರುವ ಅಂಗಡಿ ಹುಡುಕಿ, ಇಡೀ ತುಂಡು ಆರಿಸಿ, ತೊಳೆದ ಮೆಷಿನ್ನಿನಲ್ಲಿ ಎದುರಿಗೇ ಕೀಮಾ ಮಾಡಿಸಿ. ಫ್ರಿಜ್ಜಿನಲ್ಲಿ 4 ಡಿಗ್ರಿ ಒಳಗಿಟ್ಟು ಒಂದೆರಡು ದಿನದಲ್ಲಿ ಬೇಯಿಸಿ.